ಬಾವುಟವಷ್ಟೇ ಸಾಲದು, ಲಾರಿ ನಿಲ್ಲಿಸುವ ಅಧಿಕಾರವೂ ಬೇಕು

ಬೆಂಗಳೂರಿನ ಕೆ.ಆರ್. ಪುರದ ತೂಗುಸೇತುವೆ ದಾಟಿ ಸಿಲ್ಕ್ ಬೋರ್ಡ್ ಕಡೆ ತಿರುಗುವವರೆಲ್ಲ ಮೆಟ್ರೊ ಬ್ಯಾರಿಕೇಡ್ ಪಕ್ಕದ ಮಾರ್ಷಲ್‌ಗಳನ್ನು ನೋಡಿರುತ್ತಾರೆ. ಮೈಮೇಲೆ ಹೊಳೆಯುವ ಜಾಕೆಟ್, ಕೈಯಲ್ಲಿ ಬಾವುಟ, ಬಾಯಲ್ಲಿ ವಿಷಲ್. ಹೊರವರ್ತುಲ ರಸ್ತೆಯ ಜಾಮ್ ಬಗ್ಗೆ ಗದ್ದಲ ಎದ್ದಾಗಲೆಲ್ಲ ‘ಇನ್ನಷ್ಟು ಮಾರ್ಷಲ್ ಹಾಕಿ’ ಎಂಬ ಒತ್ತಾಯ ಕೇಳಿಬರುತ್ತದೆ. ಒತ್ತಾಯಿಸುವವರಿಗೆ ಬೇಕಿರುವುದು ಕಾರುಗಳು ಬೇಗ ಸಾಗುವುದು. ಬ್ಯಾರಿಕೇಡ್ ಒಳಗೆ ಟಿಪ್ಪರ್ ಹಿಂದಕ್ಕೆ ಬರುವಾಗ ಅದರ ಬೆನ್ನಿಗೇ ಸರಳು ಕಟ್ಟುತ್ತಿರುವ ಕೂಲಿಯವರ ಸುದ್ದಿ ಆ ಮಾತಿನಲ್ಲಿ ಬರುವುದಿಲ್ಲ.

ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಮಾರ್ಷಲ್ ಮೊದಲು ಕಾಯಬೇಕಾದದ್ದು ಜೀವ. ಆ ಕೆಲಸಕ್ಕೆ ತರಬೇತಿ ಬೇಕು, ತರಬೇತಿಗಿಂತ ಹೆಚ್ಚಾಗಿ ‘ನಿಲ್ಲಿಸು’ ಎನ್ನುವ ಅಧಿಕಾರ ಬೇಕು.

2023ರ ಜನವರಿ 10ರಂದು ನಾಗವಾರದ ಬಳಿ ಮೆಟ್ರೊ ಕಂಬದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿತು. ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ಸತ್ತರು. ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಚೌಕಟ್ಟಿಗೆ ಕೊಟ್ಟ ಆಧಾರ ಸಾಕಿತ್ತೇ ಎಂಬ ಚರ್ಚೆ ನಡೆಯಿತು, ನಡೆಯಲೇಬೇಕಿತ್ತು. ಆದರೆ ಅಷ್ಟೆತ್ತರದ ಕಬ್ಬಿಣ ನಿಂತಿರುವಾಗ ಅದು ಬಿದ್ದರೆ ತಾಗುವಷ್ಟು ಹತ್ತಿರ ಜನರನ್ನು ಬಿಟ್ಟದ್ದೇಕೆ? ರಸ್ತೆ ಮುಚ್ಚಿಸುವ ಅಧಿಕಾರ ಆ ಸ್ಥಳದಲ್ಲಿದ್ದ ಯಾರಿಗಿತ್ತು? 2025ರ ಏಪ್ರಿಲ್‌ನ ಒಂದು ರಾತ್ರಿ, ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ನೀಲಿ ಮಾರ್ಗದ ಕಾಂಕ್ರೀಟ್ ಭಾಗವೊಂದು ಕೋಗಿಲು ಕ್ರಾಸ್‌ನಲ್ಲಿ ಟ್ರೈಲರ್‌ನಿಂದ ಜಾರಿ ಆಟೊ ಮೇಲೆ ಬಿತ್ತು. ಚಾಲಕ ಉಳಿಯಲಿಲ್ಲ. ಅಷ್ಟು ಭಾರ ಹೊತ್ತ ಟ್ರೈಲರ್ ತಿರುಗುವಷ್ಟು ಹೊತ್ತು ಸುತ್ತಲಿನ ವಾಹನಗಳನ್ನು ತಡೆದು ನಿಲ್ಲಿಸುವುದು ದೊಡ್ಡ ವಿದ್ಯೆಯೇನಲ್ಲ.

ಈ ಕೆಲಸ ಬಲ್ಲವರು ಹೇಗೆ ಮಾಡುತ್ತಾರೆ ಎನ್ನುವುದು ಗುಟ್ಟಲ್ಲ. ಮಾರ್ಷಲ್ ಲಾರಿಯ ಬೆನ್ನಿಗೆ ನೇರ ನಿಲ್ಲಬಾರದು. ಪಕ್ಕಕ್ಕೆ ಸರಿದು ಚಾಲಕನ ಕನ್ನಡಿಯಲ್ಲಿ ಕಾಣುವಂತೆ ನಿಲ್ಲಬೇಕು. ಕನ್ನಡಿಯಿಂದ ಅವನು ಮರೆಯಾದ ಕ್ಷಣವೇ ಚಾಲಕ ಬ್ರೇಕ್ ಒತ್ತಬೇಕು. ಸನ್ನೆ ಕೊಡುವವನು ಒಬ್ಬನೇ ಇರಬೇಕು, ಆದರೆ ‘ನಿಲ್ಲಿಸು’ ಎಂದು ಯಾರೇ ಕೂಗಿದರೂ ಗಾಡಿ ನಿಲ್ಲಬೇಕು. ಒಡಿಯಾ ಮಾತಾಡುವ ಹೆಲ್ಪರ್, ತಮಿಳು ಚಾಲಕ, ಕನ್ನಡದ ಮೇಸ್ತ್ರಿ ಒಂದೇ ಕಡೆ ದುಡಿಯುವ ನಮ್ಮ ಸೈಟುಗಳಲ್ಲಿ ಕೈಸನ್ನೆ ಎಲ್ಲರಿಗೂ ಒಂದೇ ಆಗಿರದಿದ್ದರೆ ಬಾವುಟದಿಂದ ಏನೂ ಆಗದು. ಬ್ರಿಟನ್ನಿನ ಸುರಕ್ಷತಾ ಇಲಾಖೆಯ ಪ್ರಕಾರ ಕೆಲಸದ ಜಾಗದಲ್ಲಿ ವಾಹನದಿಂದಾಗುವ ಸಾವುಗಳಲ್ಲಿ ಸುಮಾರು ಕಾಲುಭಾಗ ಗಾಡಿ ಹಿಂದಕ್ಕೆ ತೆಗೆಯುವಾಗ ಆಗುತ್ತವೆ. ಹಾಗಾಗಿ ಅವರು ಮೊದಲು ಹೇಳುವುದು ಹಿಂದಕ್ಕೆ ತೆಗೆಯುವ ಪ್ರಮೇಯವೇ ಬಾರದಂತೆ ದಾರಿ ಮಾಡಿ ಎಂದು. ಅದು ಆಗದ ಕಡೆ ಮಾತ್ರ ಮಾರ್ಷಲ್, ಏಕೆಂದರೆ ಅಪಾಯಕ್ಕೆ ಮೊದಲು ಸಿಗುವವನೂ ಅವನೇ.

ಹಲಸೂರಿನ ಗಲ್ಲಿಗೆ, ಇಂದಿರಾನಗರದ ಅಡ್ಡರಸ್ತೆಗೆ ರೆಡಿಮಿಕ್ಸ್ ಗಾಡಿ ಬಂದರೆ ಹಿಂದಕ್ಕೆ ಹೋಗದೆ ಬೇರೆ ದಾರಿಯಿಲ್ಲ. ಆಗ ‘ಬರಲಿ, ಬರಲಿ’ ಎನ್ನುವವನು ಆ ಹೊತ್ತಿಗೆ ಕೈಗೆ ಸಿಕ್ಕ ಕೂಲಿಯವನು. ಬೀಪ್ ಶಬ್ದ, ಕ್ಯಾಮೆರಾ ಇದೆಯಲ್ಲ ಎನ್ನುತ್ತಾರೆ ಗುತ್ತಿಗೆದಾರರು. ದಿನವಿಡೀ ಬೀಪ್ ಕೇಳುವ ಕಿವಿಗೆ ಬೀಪ್ ಕೇಳಿಸದು. ಧೂಳು ಹಿಡಿದ ಕ್ಯಾಮೆರಾ ಪಕ್ಕದ ಮನೆಯ ಗೇಟಿನಿಂದ ಓಡಿಬರುವ ಮಗುವನ್ನು ತೋರಿಸದು.

ಕಾನೂನಿನಲ್ಲೂ ಒಂದು ಕಂದಕವಿದೆ. ರಸ್ತೆಯಲ್ಲಿ ಚಾಲಕ ಪಾಲಿಸಬೇಕಾದದ್ದು ಸಂಚಾರ ಚಿಹ್ನೆಯನ್ನು ಮತ್ತು ಪೊಲೀಸರ ಸೂಚನೆಯನ್ನು ಎಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಗುತ್ತಿಗೆದಾರ ನಿಲ್ಲಿಸಿದ ಮಾರ್ಷಲ್‌ನ ಕೈಗೆ ಆ ಬಲವಿಲ್ಲ. ಕಾರಿನವರು ಹಾರ್ನ್ ಹೊಡೆದು ನುಗ್ಗುತ್ತಾರೆ. ಬ್ಯಾರಿಕೇಡ್ ಒಳಗೂ ಅವನ ಕೈ ಕಟ್ಟಿದೆ: ಕಾಂಕ್ರೀಟ್ ಗಟ್ಟಿಯಾಗುವ ಮೊದಲು ಸುರಿಯಬೇಕೆಂದು ಅವಸರಿಸುವ ಸೂಪರ್‌ವೈಸರೇ ಅವನಿಗೆ ಕೂಲಿ ಕೊಡಿಸುವವನು. ಅಂಥವನ ಮಾತು ಮೀರಿ ಲಾರಿ ನಿಲ್ಲಿಸಿದರೆ ನಾಳೆ ಕೆಲಸ ಉಳಿಯುವ ಖಾತ್ರಿ ಯಾರು ಕೊಡುತ್ತಾರೆ?

ನಿಲ್ಲಿಸಿದರೆ ಜಾಮ್ ಆಗುತ್ತದೆ ಎನ್ನುವವರಿಗೆ ಉತ್ತರ: ಹೌದು, ಆಗುತ್ತದೆ. ಕೆಲವು ನಿಮಿಷ ಕಾಯೋಣ. ನಮ್ಮ ಪ್ರಯಾಣ ಮುಂದೆ ಸಲೀಸಾಗಲೆಂದೇ ಆ ಜನ ಅಲ್ಲಿ ದುಡಿಯುತ್ತಿದ್ದಾರೆ.

ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ ಮೆಟ್ರೊ ಮೂರನೇ ಹಂತದ ಉದ್ದ 44.65 ಕಿ.ಮೀ., ಅಂದಾಜು ವೆಚ್ಚ 15,611 ಕೋಟಿ ರೂಪಾಯಿ. ಅದರ ಗುತ್ತಿಗೆ ಷರತ್ತುಗಳಲ್ಲಿ ಮಾರ್ಷಲ್‌ನನ್ನು ಸಂಚಾರ ನಿರ್ವಹಣೆಯ ಖರ್ಚಿನಿಂದ ಸುರಕ್ಷತೆಯ ಖರ್ಚಿಗೆ ವರ್ಗಾಯಿಸಲಿ. ಅವನಿಗೆ ಕುಶಲ ಕಾರ್ಮಿಕರ ವೇತನ ಸಿಗಲಿ, ಅದನ್ನು ಗುತ್ತಿಗೆದಾರನ ಬದಲು ಮೆಟ್ರೊ ನಿಗಮವೇ ನೇರವಾಗಿ ಕೊಡಲಿ. ತರಬೇತಿ ಮತ್ತು ಗುರುತಿನ ಚೀಟಿಯನ್ನು ಸಂಚಾರ ಪೊಲೀಸರು ಕೊಡಲಿ. ಅವನ ಕೈ ಮೇಲೆದ್ದಾಗ ನಿಲ್ಲದ ಗಾಡಿಗೆ, ಅದು ಟಿಪ್ಪರ್ ಆಗಿರಲಿ, ಕಾರಾಗಿರಲಿ, ಸಿಗ್ನಲ್ ಹಾರಿದವರಿಗೆ ಹಾಕುವಂತೆಯೇ ದಂಡ ಹಾಕಲಿ.