ಸೇತುವೆ ಬಂತು, ಚಿಕ್ಕಜ್ಜನ ದೋಣಿ ಯಾರ ಲೆಕ್ಕಕ್ಕೆ?

ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಉದ್ದ ಎರಡೂವರೆ ಕಿಲೋಮೀಟರಿಗೆ ಚೂರು ಕಮ್ಮಿ. ದಿಲ್ಲಿಯಿಂದ ಮಂತ್ರಿಗಳು ಬಂದರು, ಹಾರ ಬಿತ್ತು, ಯಾರಿಗೆ ಆಹ್ವಾನ ಸರಿಯಾಗಿ ಹೋಯಿತು ಯಾರಿಗೆ ಹೋಗಲಿಲ್ಲ ಅಂತ ಜಗಳವೂ ಆಯಿತು. ಸಿಗಂದೂರಿಗೆ ಹೋಗುವವರು ಈಗ ಲಾಂಚಿಗೆ ಕಾಯಬೇಕಿಲ್ಲ. ಸಂತೋಷ.

ಆದರೆ ಆ ಸೇತುವೆಯ ಕೆಳಗಿನ ನೀರನ್ನು ಅಂಗೈಯಷ್ಟು ಚೆನ್ನಾಗಿ ಬಲ್ಲವನೊಬ್ಬ ಅದರ ಮೇಲೆ ಒಂದು ಸಲವೂ ನಡೆಯಲಿಲ್ಲ. ಕಂಬಗಳು ಏಳುತ್ತಿದ್ದಾಗಲೇ, ಎಂಬತ್ತು ದಾಟಿದ ಮೇಲೆ, ತೀರಿಕೊಂಡ. ನನ್ನ ಅಜ್ಜನ ತಮ್ಮ. ಊರಿಗೆಲ್ಲ ಚಿಕ್ಕಜ್ಜ.

ಲಿಂಗನಮಕ್ಕಿ ಡ್ಯಾಮಿನ ಕೆಲಸ ಮುಗಿದದ್ದು 1964ರಲ್ಲಿ. ಅಲ್ಲಿ ಚಿಕ್ಕಜ್ಜ ದಿನಗೂಲಿಗೆ ಜಲ್ಲಿ ಹೊತ್ತಿದ್ದ. ಅದೇ ಡ್ಯಾಮಿನ ನೀರು ಬಂದು ಮನೆಯ ಗೇಣಿ ಗದ್ದೆ ನುಂಗಿತು. “ನಮ್ಮ ಗದ್ದೆ ಮುಳುಗ್ಸೋಕೆ ನಂಗೇ ಕೂಲಿ ಕೊಟ್ರು ಮಾರಾಯ” ಅಂತ ಹೇಳಿ ನಗುತ್ತಿದ್ದ. ನಗುವ ಮಾತೇ ಸ್ವಾಮಿ ಇದು? ಮುಳುಗಡೆಯ ಜನ ಪಾತ್ರೆ ಪಗಡೆ, ದನ ಕರು ಸಮೇತ ಲಾರಿ ಹತ್ತಿ ಎಲ್ಲೆಲ್ಲೋ ಕಾಡಿನಲ್ಲಿ ಇಳಿದರು. ಇವನು ಹತ್ತಲಿಲ್ಲ. ಹಿನ್ನೀರಿನ ಆಚೆ ದಡದಲ್ಲೇ ಗುಡಿಸಲು ಹಾಕಿದ, ಒಂದು ದೋಣಿ ಮಾಡಿಕೊಂಡ.

ಕರೂರು, ಬಾರಂಗಿ ಹೋಬಳಿಯವರಿಗೆ ಸಾಗರ ಪೇಟೆ ದೂರದೇಶವಾಯಿತು. ಮುಂದೆ ಲಾಂಚ್ ಬಂತು, ಸರಿ. ಆದರೆ ಕತ್ತಲಾದ ಮೇಲೆ ಲಾಂಚ್ ಬಂದ್. ಹಾವು ಕಚ್ಚಿದರೆ? ಹೆರಿಗೆ ನೋವು ಬಂದರೆ? ಚಿಕ್ಕಜ್ಜನ ಮನೆ ಬಾಗಿಲು ಬಡಿಯಬೇಕು, ಅಷ್ಟೇ.

ಈ ಹಿನ್ನೀರು ಕೆರೆಯ ಹಾಗಲ್ಲ. ಮುಳುಗಿದ ಕಾಡಿನ ಒಣ ಮರಗಳು ಇವತ್ತಿಗೂ ನೀರೊಳಗೆ ನಿಂತಿವೆ. ಕೆಲವು ಕಾಣುತ್ತವೆ, ಕೆಲವು ಗೇಣು ಆಳದಲ್ಲಿ ಅಡಗಿರುತ್ತವೆ. ಬಡಿದರೆ ದೋಣಿ ಮಗುಚಿತು. ಒಂದು ಆಷಾಢದ ರಾತ್ರಿ ತುಂಬು ಬಸುರಿಯನ್ನು ಕೂರಿಸಿಕೊಂಡು ಹೊರಟಾಗ ಗಾಳಿಗೆ ಲಾಟೀನು ಆರಿತಂತೆ. ಅಲೆ ಮರಕ್ಕೆ ಬಡಿಯುವ ಸಪ್ಪಳ ಕೇಳುತ್ತ, ಹುಟ್ಟು ಹಾಕುತ್ತ ದಡ ಮುಟ್ಟಿಸಿದ. ಆ ಕೂಸು ಸಾಗರದ ಆಸ್ಪತ್ರೆಯಲ್ಲಿ ಹುಟ್ಟಿ, ದೊಡ್ಡದಾಗಿ, ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿತು. ಚಿಕ್ಕಜ್ಜನಿಗೆ ಕೊನೆವರೆಗೂ ಅಲ್ಲಿ ಎಲೆ, ತಂಬಾಕು ಬಿಟ್ಟಿ!

ಬೇಸಿಗೆಯಲ್ಲಿ ನೀರು ಇಳಿದರೆ ಮಡೆನೂರಿನ ಹಳೇ ಡ್ಯಾಮು ಮೇಲೆ ಬರುತ್ತದೆ. ಜೋಗದ ಕರೆಂಟಿಗೆಂದು 1940ರ ದಶಕದಲ್ಲಿ ಕಟ್ಟಿದ್ದು ಅದು. ಲಿಂಗನಮಕ್ಕಿ ಬಂದ ಮೇಲೆ ಡ್ಯಾಮನ್ನೇ ಡ್ಯಾಮು ಮುಳುಗಿಸಿತು. ಹುಡುಗರಾದ ನಮ್ಮನ್ನು ಚಿಕ್ಕಜ್ಜ ಅಲ್ಲಿಗೆ ಕರೆದೊಯ್ಯುತ್ತಿದ್ದ. ಅದರ ದೈತ್ಯ ಸೈಫನ್ನುಗಳನ್ನು ತೋರಿಸುತ್ತಿದ್ದ. ದಾರಿಯುದ್ದಕ್ಕೂ ಕೆಸರಿನ ಕಡೆ ಕೈ ಮಾಡಿ, ಇಲ್ಲಿ ಇಂಥವರ ಅಡಿಕೆ ತೋಟ, ಇಲ್ಲಿ ದೇವಸ್ಥಾನದ ಮೆಟ್ಟಿಲು, ಇದು ನಾವು ಸಂತೆಗೆ ಹೋಗುತ್ತಿದ್ದ ಗಾಡಿ ದಾರಿ ಅಂತ ಹೇಳುತ್ತಿದ್ದ. ನಮಗೆ ಕಾಣುತ್ತಿದ್ದದ್ದು ಬರೀ ಬೊಡ್ಡೆ.

ಇಂಥವನನ್ನು ಸಾಹಸಿ ಅಂತ ವೇದಿಕೆಯಲ್ಲಿ ಹೊಗಳುವುದು ಸುಲಭ. ಡ್ಯಾಮು ಕಟ್ಟಿ 60 ವರ್ಷ ಒಂದು ಸೇತುವೆ ಕೊಡದೆ ಕೂತರೆ ಜನ ಸಾಹಸಿಗಳಾಗದೆ ಇನ್ನೇನು ಆಗುತ್ತಾರೆ? ಅವನಿಗೆ ನೀರಿನ ಹುಚ್ಚೂ ಇತ್ತು, ಸುಳ್ಳು ಹೇಳಬಾರದು. ಲಾಂಚ್ ಇದ್ದಾಗಲೂ ದೋಣಿಯಲ್ಲೇ ಪೇಟೆಗೆ ಬರುತ್ತಿದ್ದ. ಅಜ್ಜಿ ಬೈದರೆ, “ಅದ್ರಲ್ಲಿ ಕೂತ್ರೆ ನಿದ್ದೆ ಬರ್ತದೆ” ಅನ್ನುತ್ತಿದ್ದ.

ಈಗ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಸೇತುವೆಯ ಎರಡೂ ತುದಿಯಲ್ಲಿ ಮುಳುಗಿದ ಊರುಗಳ ಹೆಸರು ಬರೆಸಿ. ಯಾವ ಊರು ಎಲ್ಲಿತ್ತು ಅಂತ ಬೆರಳು ಮಾಡಿ ತೋರಿಸುವ ಮುದುಕರು ಇನ್ನೂ ಕೆಲವರಿದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿ ಬರೆಯಿರಿ. ದಾನಿಗಳು ಬೇಕಾದರೆ ನಮ್ಮ ಪೇಟೆಯ ವರ್ತಕರೇ ಸಾಕು. ಹಿನ್ನೀರಿನಾಚೆಯ ಗಿರಾಕಿಗಳಿಂದ ಬದುಕಿದ ಅಂಗಡಿಗಳು ಎಷ್ಟಿಲ್ಲ!

ಇನ್ನು ಹಕ್ಕುಪತ್ರ. ಮುಳುಗಡೆಯಾಗಿ ಮೂರು ತಲೆಮಾರಾದರೂ ಉಳುವ ನೆಲಕ್ಕೆ ಕಾಗದ ಸಿಗದ ಕುಟುಂಬಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಬೆಳಕು ಕೊಟ್ಟವರು ಅಂತ ಚುನಾವಣೆಗೊಮ್ಮೆ ಹೊಗಳಿಕೆ ಮಾತ್ರ ತಪ್ಪದೆ ಸಿಗುತ್ತದೆ. ಚಿಕ್ಕಜ್ಜ ಕೊಟ್ಟ ಅರ್ಜಿಯ ರಸೀದಿ ಟ್ರಂಕಿನಲ್ಲಿತ್ತು. ಈಗ ಅವನ ಮಗ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಹೊಸ ಸೇತುವೆ ಮೇಲೆ ಬೈಕಿನಲ್ಲಿ ಕಚೇರಿಗೆ ಓಡಾಡುತ್ತಿದ್ದಾನೆ.