ಮನಿಯವರಂಗ ನೋಡ್ಕೋತಾರಂತ!

ಮೊನ್ನೆ ಶ್ರಾವಣ ಶುಕ್ರವಾರ ಅರಿಷಿಣ-ಕುಂಕುಮಕ್ಕ ಹೋದಾಗ ನಮ್ಮ ವೈನಿ ಭಾಳ ಖುಷಿಲೆ ಹೇಳಿದ್ರು, "ಸಣ್ಣಾಕಿಗೆ ನೌಕರಿ ಸಿಕ್ತು. ಹುಬ್ಬಳ್ಳಿಯೊಳಗ ದೊಡ್ಡ ಸಾಹುಕಾರ್ರ ಅಂಗಡಿ. ಮನಿಯವರಂಗ ನೋಡ್ಕೋತಾರಂತ." ಕೂತವರೆಲ್ಲಾ "ಛಲೋ ಆತು ಬಿಡ್ರಿ" ಅಂದ್ರು. ನಾನೂ ಸುಮ್ಮನ ಕುಂಕುಮ ಹಚ್ಚಿಸಿಕೊಂಡು ಬಂದೆ. ಸುಮ್ಮನಿದ್ದದ್ದು ತಪ್ಪಾತು, ಅದಕ್ಕ ಇದನ್ನ ಬರೀಲಿಕ್ಕೆ ಕೂತೀನಿ. ವೈನಿ, ಸಿಟ್ಟಾಗಬ್ಯಾಡ್ರಿ.

ಅಂಥಾದ್ದs ಒಂದು ಅರಿವಿ ಹೋಲ್‌ಸೇಲ್ ಅಂಗಡಿಯೊಳಗ ನಾನು ಹನ್ನೊಂದು ವರ್ಷ ಲೆಕ್ಕಾ ಬರದೀನಿ. ಹೆಸರು ಹೇಳಂಗಿಲ್ಲ. ಕೆಟ್ಟ ಮಂದಿ ಅಲ್ಲ ಅವರು. ನಮ್ಮ ಅತ್ತಿಯವರು ದವಾಖಾನಿಯೊಳಗ ಇದ್ದಾಗ ಸಾಹುಕಾರ್ರ ಹೆಂಡತಿ ಎಂಟು ದಿನ ಬುತ್ತಿ ಕಳಿಸಿದ್ರು. ಅದನ್ನ ನಾ ಮರತಿಲ್ಲ. ಮರೀದs ಇದ್ದದ್ದs ಫಜೀತಿ ಆತು. ಪಗಾರ ಹೆಚ್ಚು ಮಾಡ್ರಿ ಅಂತ ಕೇಳಬೇಕು ಅಂದಾಗೊಮ್ಮೆ ಆ ಬುತ್ತಿ ಡಬ್ಬಿ ಕಣ್ಣ ಮುಂದ ಬರ್ತಿತ್ತು, ಬಾಯಿ ಕಟ್ಟತಿತ್ತು.

ಮಗನ ಮದುವಿಯೊಳಗ ಮೂರು ದಿನ ನಾವು ಆಫೀಸಿನ ಹೆಣ್ಣುಮಕ್ಕಳು ಆಹೇರಿ ಸೀರಿಗೆ ಚೀಟಿ ಹಚ್ಚಿದ್ವಿ. ಪಗಾರ ಇಲ್ಲ, ಮನಿ ಮದುವಿ ಅಲ್ಲೇನು! ಅಣ್ಣ-ತಮ್ಮ ಜಗಳಾಡಿದ್ರ ಅಣ್ಣ ಬಿಲ್ ಮಾಡು ಅಂತಿದ್ದ, ತಮ್ಮ ಮಾಡಬ್ಯಾಡ ಅಂತಿದ್ದ. ರಾತ್ರಿ ಇಬ್ಬರೂ ಕೂಡಿ ಕೂತು ಉಣತಿದ್ರು, ಬೈಸಿಕೊಂಡದ್ದು ಮಾತ್ರ ನನ್ನ ಪಾಲಿಗೆ ಉಳೀತಿತ್ತು. ಸಾಲಿಯಿಂದ ಬಂದು "ಆಂಟಿ, ಚಾಕಲೇಟು" ಅಂತಿದ್ದ ಹುಡುಗ ಕುರ್ಚಿ ಮ್ಯಾಲೆ ಕೂತ ದಿನದಿಂದ ನನ್ನ ಹೆಸರು ಹಿಡದು ಕರದ. ಇದೆಲ್ಲಾ ಇರಲಿ, ಸಹಿಸಬಹುದು.

ಸಹಿಸಲಿಕ್ಕೆ ಆಗದ್ದು ಬ್ಯಾರೆ ಅದ. ನನ್ನ ಜೋಡಿ ಕೆಲಸಾ ಮಾಡೋ ಹುಡುಗಿ ಬಸುರಾದಳು. ಕಾಯ್ದೆ ಪ್ರಕಾರ ಆಕಿಗೆ 26 ವಾರ ಪಗಾರಿ ಸೂಟಿ ಬರಬೇಕು. ಸಾಹುಕಾರ್ರು ಏನಂದ್ರು ಗೊತ್ತದ ಏನು? "ನೀ ನಮ್ಮ ಮನಿ ಮಗಳು, ಆರಾಮ ಮನಿಯೊಳಗ ಇರವಾ." ಉಡಿ ತುಂಬಿ ಕಳಿಸಿದ್ರು. ಮುಂದಿನ ಸೋಮವಾರ ಆಕಿ ಕುರ್ಚಿಯೊಳಗ ಹೊಸ ಹುಡುಗಿ.

ಪಿ.ಎಫ್. ಇದ್ದಿದ್ದಿಲ್ಲ. 20 ಮಂದಿ ಆದ್ರ ಕಟ್ಟಬೇಕಾಗ್ತದ ಅಂತ ಒಂದು ಅಂಗಡಿ ಅಣ್ಣನ ಹೆಸರಿಲೆ, ಒಂದು ತಮ್ಮನ ಹೆಂಡತಿ ಹೆಸರಿಲೆ. ಇಲ್ಲಿ 14, ಅಲ್ಲಿ 12. ಎರಡೂ ಕಡೆ ಲೆಕ್ಕಾ ಬರಿಯಾಕಿ ನಾನು ಒಬ್ಬಾಕಿನs.

ಬಿಟ್ಟು ಬರೂ ಮುಂದ ಗ್ರಾಚ್ಯುಟಿ ಕೇಳಿದೆ. ಹತ್ತು ಮಂದಿ ಮ್ಯಾಲಿದ್ರ, ಐದು ವರ್ಷ ದುಡದಿದ್ರ, ನಾವs ರಾಜೀನಾಮೆ ಕೊಟ್ರೂ ಬರ್ತದ. ವರ್ಷಕ್ಕ 15 ದಿನದ ಪಗಾರ, ತಿಂಗಳಿಗೆ 26 ದಿನ ಅಂತ ಹಿಡದು. ನನ್ನ ಕಡೀ ಪಗಾರ 14,000. ಹನ್ನೊಂದು ವರ್ಷಕ್ಕ 88,846 ರೂಪಾಯಿ. ಚೀಟಿ ಮ್ಯಾಲೆ ಬರದು ತೋರಿಸಿದೆ. "ಮನಿಯವರೊಳಗ ಎಂಥಾ ಲೆಕ್ಕಾ ತಂಗಿ!" ಅಂದು ಒಂದು ಸೀರಿ, ಒಂದು ಬೆಳ್ಳಿ ಕುಂಕುಮ ಭರಣಿ ಕೊಟ್ರು.

ಲೇಬರ್ ಆಫೀಸಿಗೆ ಹೋಗತೀನಿ ಅಂದಾಗ ತಡದವರು ಯಾರು? ನೀವs. "ಉಂಡ ಮನಿ ಜಂತಿ ಎಣಸಬಾರದು" ಅಂದ್ರಿ. ನಾ ಏನು ಪುಕ್ಕಟೆ ಉಂಡಿದ್ದೆನೇನು? ಎಂಟು ದಿನದ ಬುತ್ತಿಗೆ ಹನ್ನೊಂದು ವರ್ಷ ಋಣ ತೀರಿಸಬೇಕೇನು? ದುಡದದ್ದು ಕೇಳೂದು ಜಂತಿ ಎಣಸೂದಲ್ಲ. ಇದನ್ನ ಅವರಿಗಿಂತ ಹೆಚ್ಚು ನಿಮಗs ಹೇಳಬೇಕಾಗೇದ, ಯಾಕಂದ್ರ ಹುಡುಗ್ಯಾರ ಬಾಯಿ ಮೊದಲು ಮುಚ್ಚಿಸಾವರು ನಾವs.

ವೈನಿ, ಹುಡುಗಿನ್ನ ಕಳಸಬ್ಯಾಡ್ರಿ ಅನ್ನಂಗಿಲ್ಲ. ನೇಮಕಾತಿ ಪತ್ರಾ ಕೇಳಂತ ಹೇಳ್ರಿ. ಪಗಾರ ಎಷ್ಟು, ಸೂಟಿ ಎಷ್ಟು, ಯಾರ ಕೈಕೆಳಗ ಕೆಲಸ, ಅದರೊಳಗ ಬರದಿರಲಿ. ಪಗಾರ 21,000ದ ಒಳಗಿದ್ದು ಮಂದಿ ಹತ್ತಕ್ಕ ಕಡಿಮಿ ಇಲ್ಲ ಅಂದ್ರ ಇ.ಎಸ್.ಐ. ಕಾರ್ಡೂ ಕೇಳಲಿ. "ಮನಿಯವರೊಳಗ ಪತ್ರಾ ಯಾಕ" ಅಂತಾರ, ಅಂದs ಅಂತಾರ. ನಮ್ಮ ಸಾಹುಕಾರ್ರು ಒಡಹುಟ್ಟಿದ ತಮ್ಮನ ಜೋಡಿ ವಾಟ್ನಿ ಮಾಡಿಕೊಂಡಾಗ ಸ್ಟಾಂಪ್ ಪೇಪರ್ ಮ್ಯಾಲೆ ಬರಸಿಕೊಂಡ್ರು, ಪಿತ್ತಾಳಿ ಹಂಡೆ ಸೈತ ಬಿಡಲಿಲ್ಲ. ಟೈಪ್ ಮಾಡಿದಾಕಿ ನಾನs.

ಸೋಮವಾರ ಬೇಕಂದ್ರ ಆಕಿ ಜೋಡಿ ನಾನೂ ಬರ್ತೀನಿ.