ದೋಷವು ಒಳಗೋ ಹೊರಗೋ?

ಪರರ ದೋಷವು ಬೇಗನೆ ಕಣ್ಣಿಗೆ ಬೀಳುವುದು. ನಮ್ಮ ದೋಷವು ಗೋಡೆಯ ಮರೆಯಲ್ಲಿರುವುದು. ಈ ಮಾತು ನಮ್ಮ ಮನೆಯ ಟೆಲಿಫೋನಿನ ವಿಷಯದಲ್ಲಿ ಅಕ್ಷರಶಃ ನಿಜವಾದುದನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವೆವು.

1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯವರು ಹಳ್ಳಿಗಳಿಗೆಂದು ನಿರ್ಮಿಸಿದ ಸಣ್ಣ ಎಕ್ಸ್‌ಚೇಂಜು 1986ರಲ್ಲಿ ನಮ್ಮ ನಾಡಿನ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಅಂತಹ ಎಕ್ಸ್‌ಚೇಂಜುಗಳ ದೆಸೆಯಿಂದ ಗ್ರಾಮವಾಸಿಗಳಿಗೂ ಟೆಲಿಫೋನು ದೊರೆಯುವಂತಾಯಿತು. ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ನಮ್ಮ ಮನೆಗೂ ಅದು ಬಂದಿತು. ನಾವು ಉತ್ಸಾಹದಿಂದ ಅಡಿಗೆಮನೆಗೊಂದು, ಮಲಗುವ ಕೋಣೆಗೊಂದು ಶಾಖೆಯನ್ನು ಸ್ವತಃ ಎಳೆದು, ಬಚ್ಚಲ ಗೋಡೆಯಲ್ಲಿ ತಂತಿಗೆ ತಂತಿ ಹೊಸೆದು, ಮೇಲೆ ಗಾರೆ ಬಳಿದೆವು.

2003ರ ಮಳೆಗಾಲದಲ್ಲಿ ಟೆಲಿಫೋನು ಮೂಕವಾಯಿತು. ನಾಲ್ಕು ದಿನ ಲೈನ್‌ಮ್ಯಾನನನ್ನು ನಿಂದಿಸುತ್ತ ಕುಳಿತೆವು. ಐದನೆಯ ದಿನ ಸೋದರಳಿಯನು ಮೈಸೂರಿನಿಂದ ಬಸ್ಸಿನಲ್ಲಿ ಬಂದು, ನಮ್ಮ ಅಕ್ಕನವರು ಆಸ್ಪತ್ರೆಯಲ್ಲಿ ಎರಡು ದಿನಗಳಿಂದ ನಮ್ಮನ್ನೇ ಕೇಳುತ್ತಿರುವರೆಂದು ತಿಳಿಸಿದನು. ನಾವು ಹೋಗಿ ನಿಂತಾಗ ಅವರು ಕಣ್ಣಿನಿಂದ ಗುರುತಿಸಿದರು, ಮಾತು ನಿಂತುಹೋಗಿತ್ತು.

ಊರಿಗೆ ಮರಳಿದ ಮೇಲೆ ಲೈನ್‌ಮ್ಯಾನನು ಬಂದನು. ಹೊರತಂತಿಯು ಮನೆಯನ್ನು ಸೇರುವ ಪೆಟ್ಟಿಗೆಯಲ್ಲಿ ನಮ್ಮ ಒಳತಂತಿಗಳನ್ನು ಬಿಚ್ಚಿ, ತನ್ನ ಟೆಲಿಫೋನನ್ನು ಹಚ್ಚಿದನು. ಡಯಲ್ ಟೋನು ಸ್ಪಷ್ಟವಾಗಿ ಕೇಳಿಸಿತು. “ಮೇಷ್ಟ್ರೆ, ನಮ್ಮ ಲೈನು ಸರಿಯಾಗೇ ಅದೆ, ನಿಮ್ಮ ಗೋಡೆ ಒಳಗೇ ಕೆಟ್ಟಿರೋದು” ಎಂದನು. ಗಾರೆಯನ್ನು ಕೆತ್ತಿ ನೋಡಲು, ತೇವದಿಂದ ಕಿಲುಬು ಹಿಡಿದ ಎರಡು ತಂತಿಗಳು ಒಂದನ್ನೊಂದು ಮುಟ್ಟಿಕೊಂಡಿದ್ದವು.

ಇದ್ದರೆ ಆಗುವುದು, ಇಲ್ಲದಿದ್ದರೆ ಆಗದು ಎಂದು ಕಾರಣವನ್ನು ನಿರ್ಣಯಿಸುವುದಕ್ಕೆ ತರ್ಕಶಾಸ್ತ್ರದಲ್ಲಿ ಅನ್ವಯವ್ಯತಿರೇಕವೆಂದು ಹೆಸರು. ಇದನ್ನು ಹುಡುಗರಿಗೆ ಬೋಧಿಸುತ್ತಿದ್ದ ನಮಗೆ ಮನೆಯಲ್ಲಿ ಪ್ರಯೋಗಿಸಲು ತೋಚಲಿಲ್ಲ!

ತಾಮ್ರದ ತಂತಿಯುಳ್ಳ ಗೃಹಸ್ಥರು ಹೀಗೆ ಮಾಡತಕ್ಕದ್ದು. ಪ್ರತಿಯೊಂದು ಕೋಣೆಯ ತಂತಿಯೂ ಬೇರೆಬೇರೆಯಾಗಿ ಒಂದೇ ಪೆಟ್ಟಿಗೆಗೆ ಬರಲಿ; ಗೋಡೆಯೊಳಗೆ ಗಂಟು ಬೇಡ; ವಿದ್ಯುದ್ದೀಪದ ತಂತಿಯ ಜೊತೆಗೂ ಬೇಡ. ಟೆಲಿಫೋನು ಕೆಟ್ಟಾಗ ರಿಸೀವರುಗಳೆಲ್ಲ ಸರಿಯಾಗಿ ಕುಳಿತಿವೆಯೇ ಎಂದು ಮೊದಲು ನೋಡಬೇಕು. ಬಳಿಕ ಒಳತಂತಿಗಳನ್ನೆಲ್ಲ ಬಿಚ್ಚಿ, ಚೆನ್ನಾಗಿರುವ ಒಂದು ಟೆಲಿಫೋನನ್ನು ಪೆಟ್ಟಿಗೆಗೇ ಹಚ್ಚಬೇಕು. ಅಲ್ಲಿಯೂ ಮೌನವಾದರೆ ದೋಷವು ಹೊರಗಿನದು. ಧ್ವನಿ ಬಂದರೆ ಒಳಗಿನದು. ಅನಂತರ ಶಾಖೆಗಳನ್ನು ಒಂದೊಂದಾಗಿ ಸೇರಿಸುತ್ತ ಬಂದರೆ, ಯಾವುದನ್ನು ಸೇರಿಸಿದಾಗ ಧ್ವನಿಯಡಗುವುದೋ ಅದೇ ಅಪರಾಧಿ. ಸುಮ್ಮನಿರುವ ತಂತಿಯಲ್ಲಿ 48 ವೋಲ್ಟುಗಳಷ್ಟೇ ಇದ್ದರೂ, ಗಂಟೆ ಬಾರಿಸುವಾಗ ಸುಮಾರು 75 ವೋಲ್ಟುಗಳು ಹರಿದು ಕೈಯನ್ನು ಜುಮ್ಮೆನಿಸುವುವು. ಗುಡುಗು ಮಿಂಚುಗಳಿರುವಾಗ ಅದನ್ನು ಮುಟ್ಟಲೇಬಾರದು.

ಈಗ ಅನೇಕ ಮನೆಗಳಲ್ಲಿ ತಾಮ್ರದ ಸ್ಥಾನಕ್ಕೆ ಗಾಜಿನ ಎಳೆ ಬಂದಿರುವುದು. ಆದರೂ ಅದು ಮನೆಯನ್ನು ಸೇರುವ ಪೆಟ್ಟಿಗೆಯಲ್ಲಿಯೇ ಮೊದಲು ಪರೀಕ್ಷೆ ನಡೆಯಲಿ. ಅರ್ಧ ಗಳಿಗೆಯ ಕೆಲಸ. ಅದನ್ನು ಮಾಡದೆ ನಾಲ್ಕು ದಿನ ಕಳೆದ ನಾವು ಅಕ್ಕನವರ ಕೊನೆಯ ಮಾತನ್ನು ಕೇಳಲಾರದೆ ಹೋದೆವು.